ರಸವೋ, ಲ್ಯಾಂಗರೋ, ಗುಡ್‌ಮನ್ನೋ: ನೃತ್ಯ ವಿದ್ಯಾರ್ಥಿ ಯಾವ ಸಿದ್ಧಾಂತವನ್ನು ಹಿಡಿಯಬೇಕು?

ಅಭಿನಯವೇ ನಿಮ್ಮ ವಿಷಯವಾದರೆ ರಸ, ಭಾವಗಳನ್ನು ವಿವರಿಸುವ ನಾಟ್ಯಶಾಸ್ತ್ರದ 6 ಮತ್ತು 7ನೇ ಅಧ್ಯಾಯ ಓದಿ. 8 ಸ್ಥಾಯಿ (ನೆಲೆಯಾಗಿ ನಿಲ್ಲುವ), 33 ವ್ಯಭಿಚಾರಿ (ಬಂದು ಹೋಗುವ), 8 ಸಾತ್ತ್ವಿಕ (ಕಣ್ಣೀರು, ರೋಮಾಂಚದಂಥ) ಭಾವಗಳ ಪಟ್ಟಿ ನೇರ ರಂಗಕ್ಕೆ ಒದಗುತ್ತದೆ: ಬಾರದ ನಾಯಕ ವಿಭಾವ (ಭಾವಕ್ಕೆ ಕಾರಣ), ನಾಯಕಿ ಮತ್ತೆ ಮತ್ತೆ ಬಾಗಿಲತ್ತ ನೋಡುವುದು ಅನುಭಾವ (ಭಾವದ ಹೊರಗುರುತು), ನಡುವೆ ಸುಳಿಯುವ ಶಂಕೆ ವ್ಯಭಿಚಾರಿ. ಹೆಚ್ಚಿನವರು ಎಡವುವುದು ಒಂದೇ ಕಡೆ, ಭಾವ ಪಾತ್ರದ್ದು, ರಸಾಸ್ವಾದ ಸಹೃದಯ ಪ್ರೇಕ್ಷಕನದು ಎಂಬುದನ್ನು ಮರೆತು ಎರಡನ್ನೂ ಕಲಸಿಬಿಡುತ್ತಾರೆ.

ಕಥೆಯಿಲ್ಲದ ಚಲನೆಗೆ ಅಮೆರಿಕದ ತತ್ತ್ವಜ್ಞೆ ಸೂಸನ್ ಲ್ಯಾಂಗರ್ ಅವರ ‘ಫೀಲಿಂಗ್ ಅಂಡ್ ಫಾರ್ಮ್’ (1953) ವಾಸಿ. ಅವರ ಪ್ರಕಾರ ನಮಗೆ ಕಾಣುವುದು ಸ್ನಾಯುಬಲವಲ್ಲ, ಕಲ್ಪಿತ ಶಕ್ತಿಗಳ ಸೆಳೆದಾಟ. ನರ್ತಕಿಯ ಸ್ವಂತ ದುಃಖ ಹುಡುಕುವ ಗೋಜಿಲ್ಲ. ಆದರೆ ಒಂದೊಂದು ಹಸ್ತಮುದ್ರೆಯನ್ನು ಬಿಡಿಸಿ ನೋಡಲು ಇಲ್ಲಿ ಉಪಕರಣ ಕಡಿಮೆ.

ಹಳೆಯ ಸಂಯೋಜನೆಯನ್ನು ಮರುಪ್ರದರ್ಶಿಸುತ್ತಿದ್ದು, ‘ಇದು ಅದೇ ನೃತ್ಯವೇ?’ ಎಂದು ಕೇಳುವವರಿಗೆ ಅಮೆರಿಕದ ತತ್ತ್ವಜ್ಞ ನೆಲ್ಸನ್ ಗುಡ್‌ಮನ್ ಅವರ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ (1968). ಚಲನೆಯನ್ನು ಬರೆದಿಡುವ ಲಾಬನ್ ಲಿಪಿಯಂಥ ಸಂಕೇತ ಏನನ್ನು ಹಿಡಿದಿಡಬಲ್ಲದು ಎಂಬುದೇ ಅಲ್ಲಿನ ಚರ್ಚೆ. ಗಟ್ಟಿ ತರ್ಕ; ಇದರಿಂದಲೇ ಶುರು ಮಾಡಬೇಡಿ.