ಸೀಟು ಇಳಿಸಿದರೆ ಸೈಕಲ್ ಚಿಕ್ಕದಾಗುವುದಿಲ್ಲ

ನನ್ನ ಎತ್ತರ 151 ಸೆಂಟಿಮೀಟರ್. ಕಳೆದ ವರ್ಷ ದೂರದ ಪ್ರಯಾಣಕ್ಕೆಂದು 82 ಸಾವಿರ ರೂಪಾಯಿ ಕೊಟ್ಟು ಒಂದು ಟೂರಿಂಗ್ ಸೈಕಲ್ ಕೊಂಡೆ. ಐದೇ ತಿಂಗಳಲ್ಲಿ ಕುತ್ತಿಗೆ ಹಿಡಿಯಿತು, ಬೆರಳುಗಳು ಜೋಮು ಹಿಡಿದವು, ಕೊನೆಗೆ ಬಲ ಮುಂಗೈಯ ಮೂಳೆ ಬಿರುಕು ಬಿಟ್ಟಿತು. ಆರು ವಾರ ಕಪ್ಪು ಹಲಗೆಯ ಮೇಲೆ ಒಂದಕ್ಷರ ಬರೆಯಲಾಗದೆ ಪಾಠ ಮಾಡಿದ್ದೇನೆ. ಸೈಕಲ್ಲಿನ ಬೆಸುಗೆಯಲ್ಲಾಗಲಿ ಬಿಡಿಭಾಗಗಳಲ್ಲಾಗಲಿ ದೋಷವಿರಲಿಲ್ಲ. ಅಳತೆ ಮಾತ್ರ ನನ್ನದಾಗಿರಲಿಲ್ಲ. ನನ್ನಷ್ಟೇ ಎತ್ತರದ ಹೆಣ್ಣುಮಕ್ಕಳೂ ಹುಡುಗರೂ ನಮ್ಮ ಕೊಡಗಿನ ರಸ್ತೆಗಳಲ್ಲಿ ಸೈಕಲ್ ಹತ್ತಲು ಶುರು ಮಾಡಿರುವುದನ್ನು ಕಂಡು, ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೊಂಡದ್ದು. ಮಾರಾಟದ ಹುಡುಗ ನನ್ನ ಎತ್ತರ ಕೇಳಿ, ಎಸ್ ಎಂದು ಬರೆದಿದ್ದ ಸೈಕಲ್ ತಂದು ನಿಲ್ಲಿಸಿದ. ಹತ್ತಿ ನೋಡಿದೆ. ಹ್ಯಾಂಡಲ್ ದೂರ ಅನ್ನಿಸಿತು. "ಮೇಡಂ, ಈ ಮಾದರಿಯಲ್ಲಿ ಇದಕ್ಕಿಂತ ಚಿಕ್ಕದು ಬರುವುದೇ ಇಲ್ಲ. ಸೀಟು ಇಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿಕೊಡುತ್ತೇವೆ. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ" ಎಂದ. ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಚಪ್ಪಲಿ ಹಾಕಿಕೊಂಡೇ ಎರಡು ಸುತ್ತು ಹೊಡೆದೆ. ಮಡ್‌ಗಾರ್ಡ್ ಇರಲಿಲ್ಲ, ಕ್ಯಾರಿಯರ್ ಇರಲಿಲ್ಲ, ಸಾಮಾನು ಇರಲಿಲ್ಲ. ಹಣ ಕೊಟ್ಟು ಬಂದೆ.

ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಒಂದು ಕಾರಣವೂ ಇದೆ. ನಾನು ಸೈಕಲ್ ಕಲಿತದ್ದು ಅಪ್ಪನ ದೊಡ್ಡ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ. ಸೈಕಲ್ಲಿಗೆ ನಾವು ಹೊಂದಿಕೊಳ್ಳಬೇಕು ಎಂಬುದು ಆಗಲೇ ಮೈಗೆ ಹತ್ತಿಬಿಟ್ಟಿತ್ತು. ಮನೆಯಿಂದ ಶಾಲೆಗೆ ಎರಡು ಮೈಲಿಗೆ ಆ ಹೊಂದಾಣಿಕೆ ಸಾಕು. ಹದಿನೈದು ಕಿಲೋ ಸಾಮಾನು ಹೇರಿಕೊಂಡು ದಿನಕ್ಕೆ ಆರು ಗಂಟೆ ಕೂರುವ ಸೈಕಲ್ಲಿನಲ್ಲಿ ಒಂದೊಂದು ಸೆಂಟಿಮೀಟರಿಗೂ ದೇಹ ಲೆಕ್ಕ ಕೇಳುತ್ತದೆ.

ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗಿ ಬಂದ ಮೊದಲ ದಿನವೇ ಕಿರುಬೆರಳುಗಳು ಮರಗಟ್ಟಿದವು. ಸೀಟನ್ನು ಇನ್ನಷ್ಟು ಮುಂದಕ್ಕೆ ತಳ್ಳಿಸಿದೆ. ಹ್ಯಾಂಡಲ್ ಹತ್ತಿರ ಬಂತು ನಿಜ, ಆದರೆ ಮೈಯ ಭಾರವೆಲ್ಲ ಅಂಗೈಗಳ ಮೇಲೆ ಬಿದ್ದು ಜೋಮು ಇನ್ನೂ ಹೆಚ್ಚಾಯಿತು, ಜೊತೆಗೆ ಮಂಡಿಯ ಮುಂಭಾಗ ನೋಯತೊಡಗಿತು. ಕಾಲು ಪೆಡಲನ್ನು ತುಳಿಯುವಾಗ ಸೊಂಟ ಎಲ್ಲಿರಬೇಕೋ ಅಲ್ಲಿ ಇರಲಿಲ್ಲ. ಆಮೇಲೆ ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಬದಲಿಸಿ ಗಿಡ್ಡದ್ದನ್ನು ಹಾಕಿಸಿದೆ. ಅದರಿಂದ ಕುತ್ತಿಗೆಗೆ ಸ್ವಲ್ಪ ಸಮಾಧಾನವಾಯಿತು. ಬ್ರೇಕ್ ಮಾತ್ರ ಆಗಲೂ ಕೈಗೆ ಎಟುಕಲಿಲ್ಲ. ಸಂಪಾಜೆ ಘಾಟಿ ಇಳಿಯುವಾಗ, ಬಾಗಿದ ಹ್ಯಾಂಡಲ್ಲಿನ ಮೇಲ್ತುದಿಯನ್ನು ಹಿಡಿದುಕೊಂಡೇ ಬ್ರೇಕ್ ಒತ್ತಲು ನನ್ನ ಬೆರಳುಗಳ ಉದ್ದ ಸಾಲುತ್ತಿರಲಿಲ್ಲ. ಹಿಂದೆ ಲಾರಿ, ಎದುರಿಗೆ ಬಸ್ಸು. ಎರಡು ಮೂರು ತಿರುವಿಗೊಮ್ಮೆ ನಿಂತು ಕೈ ಕೊಡವಿಕೊಂಡು ಕೆಳಗಿಳಿದೆ. ಎಷ್ಟೋ ಬ್ರೇಕ್ ಲಿವರುಗಳಲ್ಲಿ ಅವನ್ನು ಹ್ಯಾಂಡಲ್ಲಿನ ಹತ್ತಿರಕ್ಕೆ ತರುವ ಸಣ್ಣ ಸ್ಕ್ರೂ ಇರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಇವೆಲ್ಲ ನೋವಿನ ಮಾತು. ಬಿದ್ದ ಕಥೆ ಬೇರೆ.

ಮಳೆಗಾಲ ಮುಗಿದ ಮೇಲೆ, ನವೆಂಬರಿನ ಒಂದು ಭಾನುವಾರ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುತ್ತಿದ್ದೆ. ಆ ಎಂಟು ಕಿಲೋಮೀಟರಿನ ಏರು ಬಲ್ಲವರು ಬಲ್ಲರು. ಸಾಮಾನು ಹೇರಿದ ಸೈಕಲ್ ಅಲ್ಲಿ ನಡೆಯುವವರ ವೇಗದಲ್ಲಿಯೇ ಸಾಗುತ್ತದೆ. ಬಲಕ್ಕೆ ಕಡಿದಾಗಿ ಹೊರಳುವ ಒಂದು ತಿರುವಿನಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದಂತೆ ಎಡಗಾಲಿನ ಶೂ ತುದಿಗೆ ಏನೋ ತಗುಲಿತು. ಮುಂದಿನ ಚಕ್ರದ ಮಡ್‌ಗಾರ್ಡ್. ಹ್ಯಾಂಡಲ್ ಅಲ್ಲಿಗೇ ಸಿಕ್ಕಿಕೊಂಡಿತು. ಅಷ್ಟು ನಿಧಾನದಲ್ಲಿ ಸೈಕಲ್ಲನ್ನು ಬೀಳದಂತೆ ಹಿಡಿಯುವುದು ಹ್ಯಾಂಡಲ್ಲಿನ ಆ ಚಿಕ್ಕ ಚಿಕ್ಕ ತಿರುಗಾಟವೇ. ಅದು ನಿಂತ ಕೂಡಲೇ ಬಲಕ್ಕೆ, ರಸ್ತೆಯ ನಡುವಿಗೆ ಉರುಳಿದೆ. ಕಾಲು ಊರೋಣವೆಂದರೆ ನೆಲ ಸಿಗಲಿಲ್ಲ, ಮೇಲಿನ ಬಾರ್ ತೊಡೆಸಂದಿಗೆ ಬಡಿಯಿತು, ಭಾರವೆಲ್ಲ ಬಲಗೈ ಮೇಲೆ ಬಿತ್ತು. ಮೇಲಿನಿಂದ ಇಳಿಯುತ್ತಿದ್ದ ಜೀಪಿನ ಚಾಲಕ ಸಕಾಲಕ್ಕೆ ಬ್ರೇಕ್ ಹಾಕಿದ್ದರಿಂದ ಇದನ್ನು ಬರೆಯಲು ಉಳಿದಿದ್ದೇನೆ. ಅವರೇ ಸೈಕಲ್ಲನ್ನೂ ನನ್ನನ್ನೂ ಜೀಪಿಗೆ ಹತ್ತಿಸಿ ಭಾಗಮಂಡಲಕ್ಕೆ ಕರೆತಂದರು. "ಅಕ್ಕ, ಇಷ್ಟು ಎತ್ತರದ ಸೈಕಲ್ ಯಾಕೆ ಕೊಂಡಿರಿ?" ಎಂದು ದಾರಿಯಲ್ಲಿ ಕೇಳಿದರು. ಸೈಕಲ್ ಮಾರುವವರು ಒಬ್ಬರೂ ಕೇಳದ ಪ್ರಶ್ನೆ ಅದು.

ಕಾಲ್ಬೆರಳು ಚಕ್ರಕ್ಕೆ ತಾಗುವ ಈ ತೊಂದರೆ ಚಿಕ್ಕ ಫ್ರೇಮಿಗೆ ದೊಡ್ಡ ಚಕ್ರ ಹಾಕಿದಾಗ ಬರುತ್ತದೆ. ನನ್ನದರಲ್ಲಿದ್ದದ್ದು 700ಸಿ ಚಕ್ರ, ಅಂದರೆ ಟಯರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 622 ಮಿಲಿಮೀಟರ್. ಪೆಡಲಿಗೂ ಚಕ್ರಕ್ಕೂ ನಡುವೆ ಉಳಿಯುವ ಜಾಗವೇ ಕಡಿಮೆ. ಅದರ ಮೇಲೆ ಮಡ್‌ಗಾರ್ಡ್ ಹಾಕಿದರೆ ಇನ್ನೊಂದು ಸೆಂಟಿಮೀಟರಿಗಿಂತ ಹೆಚ್ಚು ಹೋಯಿತು. ನಮ್ಮ ಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದೆ ಯಾರು ಸೈಕಲ್ ಓಡಿಸುತ್ತಾರೆ? ಅಂಗಡಿಯ ಮುಂದೆ ಚಪ್ಪಲಿ ಹಾಕಿಕೊಂಡು, ಮಡ್‌ಗಾರ್ಡ್ ಇಲ್ಲದೆ, ಸಮತಟ್ಟು ರಸ್ತೆಯಲ್ಲಿ ನೇರ ಓಡಿಸಿದರೆ ಇದು ಗೊತ್ತಾಗುವುದೇ ಇಲ್ಲ. ವೇಗವಾಗಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗುವುದೂ ಇಲ್ಲ. ನಿಧಾನದ ಕಡಿದಾದ ತಿರುವಿನಲ್ಲಿ, ಅಂದರೆ ನಮ್ಮ ಘಾಟಿಗಳಲ್ಲಿಯೇ ಅದು ಕೈಕೊಡುತ್ತದೆ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತ ಆರು ವಾರಗಳಲ್ಲಿ ಆ ಸೈಕಲ್ಲಿನ ಅಳತೆಪಟ್ಟಿಯನ್ನು ಮೊದಲ ಬಾರಿ ಪೂರ್ತಿ ಓದಿದೆ. ನನ್ನನ್ನು ಹೆಚ್ಚು ನೋಯಿಸಿದ್ದು ಅಲ್ಲಿ ಕಂಡದ್ದು. ಎಸ್ ಅಳತೆಯಲ್ಲಿ ಮೇಲಿನ ಬಾರ್ ಎಮ್ ಅಳತೆಗಿಂತ ಒಂದೂವರೆ ಸೆಂಟಿಮೀಟರ್ ಗಿಡ್ಡ ಎಂದಿತ್ತು. ಅದನ್ನೇ ನೋಡಿದರೆ ಹ್ಯಾಂಡಲ್ ಹತ್ತಿರವಿದೆ ಎಂದೇ ತಿಳಿಯುತ್ತೇವೆ. ಆದರೆ ಎಸ್ ಫ್ರೇಮಿನಲ್ಲಿ ಸೀಟಿನ ಕೊಳವೆಯನ್ನು ಎರಡು ಡಿಗ್ರಿಯಷ್ಟು ನೆಟ್ಟಗೆ ನಿಲ್ಲಿಸಿದ್ದರು. ನನ್ನ ಸೀಟಿನ ಎತ್ತರದಲ್ಲಿ ಒಂದು ಡಿಗ್ರಿಗೆ ಸೀಟು ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ಬರುತ್ತದೆ. ಬಾರ್ ಗಿಡ್ಡವಾದದ್ದು ಹಿಂದಿನಿಂದ, ಮುಂದಿನಿಂದಲ್ಲ. ಎರಡೂ ಪೆಡಲಿನ ತೋಳುಗಳು ಸುತ್ತುವ ನಡುವಿನ ಅಚ್ಚಿನಿಂದ ಹ್ಯಾಂಡಲ್ಲಿನ ಬುಡಕ್ಕಿರುವ ಅಡ್ಡ ದೂರವನ್ನು ರೀಚ್ ಎನ್ನುತ್ತಾರೆ. ಅದು ಎರಡು ಅಳತೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಇತ್ತು. ಸರಿಯಾಗಿ ತುಳಿಯಲು ಸೀಟನ್ನು ಹಿಂದಕ್ಕೆ ತಳ್ಳಿದ ಕೂಡಲೇ ಆ ಒಂದೂವರೆ ಸೆಂಟಿಮೀಟರ್ ಮಾಯ. ದೊಡ್ಡ ಚಕ್ರಕ್ಕೆ ಜಾಗ ಬೇಕು, ಹಾಗಾಗಿ ಫ್ರೇಮಿನ ಮುಂಭಾಗವನ್ನು ಕುಗ್ಗಿಸಲಾಗುವುದಿಲ್ಲ. ಎಸ್ ಎಂಬ ಅಕ್ಷರ ಮಾತ್ರ ಚಿಕ್ಕದು.

ಆದ್ದರಿಂದ ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ, ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಅಳೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನಂತೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಮೂರು ಸಲ ಅಳೆಯಿರಿ. ನನ್ನದು 69 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಆ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಸುಮಾರಾಗಿ ಸಿಗುತ್ತದೆ. ನನಗೆ 61 ಬಂತು. ಇದರಿಂದ ಶುರು ಮಾಡಿ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಮಾಡಿಕೊಳ್ಳಬಹುದು. ಶೂ ಹಾಕಿಕೊಂಡು ಸೈಕಲ್ಲಿನ ಮೇಲೆ ಎರಡೂ ಕಾಲು ಊರಿ ನಿಂತಾಗ ಬಾರಿಗೂ ಮೈಗೂ ನಡುವೆ ಕನಿಷ್ಠ ಮೂರು ಸೆಂಟಿಮೀಟರ್ ಇರಲಿ, ಸಾಮಾನು ಹೇರುವವರಿಗೆ ಇನ್ನೂ ಹೆಚ್ಚು ಬೇಕು. ಹಿಂದಿನ ಕ್ಯಾರಿಯರಿನ ಮೇಲೆ ಟೆಂಟ್ ಕಟ್ಟಿದರೆ ಗಿಡ್ಡ ಇರುವವರಿಗೆ ಅದು ಎದೆಮಟ್ಟಕ್ಕೆ ಬರುತ್ತದೆ, ಹಿಂದಿನಿಂದ ಕಾಲೆತ್ತಿ ಹಾಕಲು ಆಗುವುದೇ ಇಲ್ಲ. ಬಾರ್ ಹಿಂದಕ್ಕೆ ಇಳಿಜಾರಾಗಿರುವ, ಇಲ್ಲವೇ ಲೇಡೀಸ್ ಸೈಕಲ್ಲಿನಂತೆ ತಗ್ಗಾಗಿರುವ ಫ್ರೇಮಿನ ಬೆಲೆ ಆಗ ತಿಳಿಯುತ್ತದೆ. ಅದನ್ನು ಕೇಳಲು ದಯವಿಟ್ಟು ಸಂಕೋಚಪಡಬೇಡಿ.

ಎರಡನೆಯದು ಚಕ್ರ. ನಮ್ಮ ಎತ್ತರದವರು 26 ಇಂಚಿನದನ್ನೇ ಮೊದಲು ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ರಿಮ್ಮಿನ ವ್ಯಾಸ 559 ಮಿಲಿಮೀಟರ್, 700ಸಿಗಿಂತ 63 ಕಡಿಮೆ. ಒಂದೇ ದಪ್ಪದ ಟಯರ್ ಹಾಕಿದರೆ ಕಾಲಿನ ಮುಂದೆ ಮೂರು ಸೆಂಟಿಮೀಟರ್ ಜಾಗ ಉಳಿಯುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ. ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕ್ಕರ್ ಎಂಬ ಹೆಸರಾಂತ ಟೂರಿಂಗ್ ಸೈಕಲ್ಲಿನ ಸಣ್ಣ ಅಳತೆಗಳು 26 ಇಂಚಿನ ಚಕ್ರದೊಂದಿಗೇ ಬರುತ್ತಿದ್ದವು. ಅಮೆರಿಕದ ಜಾರ್ಜೀನಾ ಟೆರ್ರಿ 1985ರಲ್ಲಿ ಕಂಪನಿ ತೆರೆದು, ಗಿಡ್ಡ ಹೆಂಗಸರಿಗಾಗಿ ಮುಂದೆ ಮಾತ್ರ 24 ಇಂಚಿನ ಚಕ್ರವಿರುವ ಸೈಕಲ್ಲುಗಳನ್ನೇ ಮಾಡಿದರು. ಒಂದು ಎಚ್ಚರಿಕೆ: 26 ಎಂದು ಕರೆಯುವ ಟಯರುಗಳಲ್ಲಿಯೇ 559, 584, 590 ಎಂಬ ಬೇರೆ ಬೇರೆ ಅಳತೆಗಳಿವೆ, ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿಯನ್ನು ಓದಿಯೇ ಕೊಳ್ಳಿ.

ಅಂಗಡಿಯಲ್ಲಿ ಮಡ್‌ಗಾರ್ಡ್ ಹಾಕಿಸಿ, ನಿಮ್ಮ ಶೂ ಹಾಕಿಕೊಂಡು ಸೀಟಿನ ಮೇಲೆ ಕೂತು, ಪೆಡಲನ್ನು ನೇರ ಮುಂದಕ್ಕೆ ತಂದು ಹ್ಯಾಂಡಲ್ಲನ್ನು ಎರಡೂ ಕಡೆಗೆ ತಿರುಗಿಸಿ. ಎರಡು ಬೆರಳಿನ ಜಾಗವಾದರೂ ಉಳಿಯಬೇಕು. ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, 170 ಮಿಲಿಮೀಟರ್ ಇದ್ದರೆ 165 ಅಥವಾ 160 ಸಿಗುತ್ತದೆಯೇ ಎಂದು ಕೇಳಿ. ಗೇರಿನ ವಿಷಯದಲ್ಲಿ ಒಂದೇ ಮಾತು: ನಮ್ಮ ಏರುಗಳಿಗೆ ಮುಂದಿನ ಅತಿ ಚಿಕ್ಕ ಹಲ್ಲುಚಕ್ರ ಹಿಂದಿನ ಅತಿ ದೊಡ್ಡದಕ್ಕಿಂತ ಚಿಕ್ಕದಾಗಿರಲಿ.

ಹಿಂದಿರುಗಿಸಲು ಹೋದಾಗ ಅಂಗಡಿಯವರು ಬಳಸಿದ ಸೈಕಲ್ ತೆಗೆದುಕೊಳ್ಳುವುದಿಲ್ಲ ಎಂದರು. ಅಳತೆ ಹೊಂದದಿದ್ದರೆ ಇಷ್ಟು ದಿನದೊಳಗೆ ಬದಲಿಸಿಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಹಣ ಕೊಡಬೇಡಿ. ನಾನು ಅದನ್ನು 40 ಸಾವಿರಕ್ಕೆ ಸೋಮವಾರಪೇಟೆಯ ಒಬ್ಬ ಯುವಕನಿಗೆ ಮಾರಿದೆ. ಎಲ್ಲವನ್ನೂ ಹೇಳಿಯೇ ಮಾರಿದೆ. ಅವನ ಎತ್ತರ 166 ಸೆಂಟಿಮೀಟರ್, ಎಸ್ ಅಳತೆ ಅವನಿಗೆ ಹೇಳಿ ಮಾಡಿಸಿದಂತೆ ಕೂತಿತು.

ಈಗ ನನ್ನ ಬಳಿ ಇರುವುದು 26 ಇಂಚಿನ ಚಕ್ರಗಳ, ಮುಂದೆ ಸ್ಪ್ರಿಂಗ್ ಇಲ್ಲದ ಒಂದು ಹಳೆಯ ಉಕ್ಕಿನ ಗುಡ್ಡಗಾಡು ಸೈಕಲ್. ಕುಶಾಲನಗರದ ಮೆಕ್ಯಾನಿಕ್ ಅಣ್ಣ ಅದಕ್ಕೆ ಕ್ಯಾರಿಯರ್, ಮಡ್‌ಗಾರ್ಡ್, ಗಿಡ್ಡ ಕ್ರ್ಯಾಂಕ್ ಹಾಕಿಕೊಟ್ಟರು. ಎಲ್ಲ ಸೇರಿ 23 ಸಾವಿರ ಆಯಿತು. ಕಾಫಿ ಹೂ ಬಿಡುವ ಹೊತ್ತಿಗೆ ಮತ್ತೆ ತಲಕಾವೇರಿಗೆ ಹೋದೆ. ಅದೇ ತಿರುವಿನಲ್ಲಿ ಬೇಕೆಂದೇ ನಿಂತೆ. ಎರಡೂ ಕಾಲು ನೆಲ ಮುಟ್ಟಿದವು. ಹ್ಯಾಂಡಲ್ಲನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಶೂ ತುದಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ. ಮೂರು ಬೆರಳು ಹಿಡಿಸಿತು.