ಸಾವರಿನ್ ಟೆಕ್ ಫಂಡ್: ಕಾಣದ ಕೋಡಿಗೆ ಜರ್ಮನ್ ಸರ್ಕಾರದ ಹಣ

ಸಾಫ್ಟ್‌ವೇರ್ ಪೂರೈಕೆ ಸರಪಳಿಯ (ಒಂದು ಸಾಫ್ಟ್‌ವೇರ್‌ನೊಳಗೆ ಸೇರುವ ಇತರರ ಕೋಡು ಸಾಗಿಬರುವ ದಾರಿಯ) ಸುರಕ್ಷತೆಗಾಗಿ ಸರ್ಕಾರಗಳು ಹಣ ಕೊಡುವ ಯೋಜನೆಗಳಲ್ಲಿ ಜರ್ಮನಿಯ ಸಾವರಿನ್ ಟೆಕ್ ಫಂಡ್ ಹೆಚ್ಚು ಚರ್ಚೆಗೆ ಬಂದಿರುವಂಥದ್ದು. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಆರ್ಥಿಕ ಸಚಿವಾಲಯದ ಹಣದಿಂದ ಆರಂಭವಾದ ಈ ನಿಧಿ 2024ರ ಕೊನೆಗೆ ಸಾವರಿನ್ ಟೆಕ್ ಏಜೆನ್ಸಿ ಎಂಬ ಸಂಸ್ಥೆಯ ಭಾಗವಾಯಿತು. ಅಷ್ಟರೊಳಗೆ ಸುಮಾರು 60 ಓಪನ್ ಸೋರ್ಸ್ (ಮೂಲ ಕೋಡು ಎಲ್ಲರಿಗೂ ಮುಕ್ತವಾಗಿರುವ) ತಂತ್ರಜ್ಞಾನಗಳಿಗೆ 2 ಕೋಟಿ 30 ಲಕ್ಷ ಯೂರೋಗೂ ಹೆಚ್ಚು ಹಣ ತೊಡಗಿಸಿತ್ತು. ಅರ್ಜಿ ಹಾಕುವ ಯೋಜನೆಯೊಂದರ ಕಡೆಯಿಂದ ನೋಡಿದಾಗ ಈ ಸೇವೆ ಹೇಗಿದೆ ಎಂಬುದಷ್ಟೇ ಇಲ್ಲಿನ ವಿಚಾರ.

ಇದರ ಮೊದಲ ಗುಣ, ಏನನ್ನು ಕೊಳ್ಳುತ್ತಿದ್ದೇನೆ ಎಂಬುದು ನಿಧಿಗೆ ಸ್ಪಷ್ಟವಾಗಿರುವುದು. ಹೊಸ ಪ್ರಯೋಗಗಳಿಗಾಗಲಿ, ಬಳಕೆದಾರರ ಕಣ್ಣಿಗೆ ಬೀಳುವ ಆ್ಯಪ್‌ಗಳಿಗಾಗಲಿ ಇಲ್ಲಿ ಹಣವಿಲ್ಲ. ಎಷ್ಟು ಸಾಫ್ಟ್‌ವೇರ್‌ಗಳು ನಿಮ್ಮ ಕೋಡನ್ನು ಅವಲಂಬಿಸಿವೆ, ಅದು ಕೈಕೊಟ್ಟರೆ ಯಾರಿಗೆ ತೊಂದರೆ, ಈಗ ಅದು ಯಾವ ಸ್ಥಿತಿಯಲ್ಲಿದೆ ಎಂಬಂಥ ವಿಷಯಗಳನ್ನು ನೋಡಿ ಆಯ್ಕೆ ಮಾಡುತ್ತಾರೆ. ಡೇಟಾ ವರ್ಗಾಯಿಸುವ ಕರ್ಲ್, ವಿಪಿಎನ್ ಒದಗಿಸುವ ವೈರ್‌ಗಾರ್ಡ್, ರೂಬಿ ಭಾಷೆಯ ಪ್ಯಾಕೇಜುಗಳನ್ನು ಹಂಚುವ ರೂಬಿಜೆಮ್ಸ್‌ಗಳಿಗೆ ಹಣ ಸಿಕ್ಕಿದ್ದು ಹೀಗೆ. 2021ರ ಡಿಸೆಂಬರ್‌ನಲ್ಲಿ ಒಂದೇ ದೋಷದಿಂದ ಜಗತ್ತಿನ ಸರ್ವರ್‌ಗಳನ್ನೆಲ್ಲ ತಲ್ಲಣಗೊಳಿಸಿದ ಲಾಗ್4ಜೆ ಎಂಬ ಜಾವಾ ಲೈಬ್ರರಿಗೂ 6 ಲಕ್ಷ ಯೂರೋಗೆ ಸಮೀಪದ ಮೊತ್ತ ದೊರೆಯಿತು. ದೇಣಿಗೆಯಂತೆ ಕೈಗಿಟ್ಟು ಮರೆಯುವ ಹಣ ಇದಲ್ಲ: ಇಂತಿಂಥ ಕೆಲಸ, ಇಂತಿಂಥ ಹಂತಗಳಲ್ಲಿ ಎಂದು ಒಪ್ಪಂದವಾಗುತ್ತದೆ. ಈ ಕಟ್ಟುನಿಟ್ಟು ಕೆಲವರಿಗೆ ಕಿರಿಕಿರಿ ಎನಿಸಬಹುದು; ನನಗೆ ಅದೇ ಇದರ ಬಲವೆಂದು ತೋರುತ್ತದೆ.

ಫ್ರೀಬಿಎಸ್‌ಡಿ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ನ ಫೌಂಡೇಶನ್‌ನೊಂದಿಗಿನ ಒಪ್ಪಂದವನ್ನೇ ನೋಡಿ. 2024ರಲ್ಲಿ ಪ್ರಕಟವಾದ ಈ ಒಪ್ಪಂದದ ಮೊತ್ತ 6,86,400 ಯೂರೋ. ಹಳೆಯ ತಾಂತ್ರಿಕ ಬಾಕಿ (ಮುಂದೂಡುತ್ತ ಬಂದ ದುರಸ್ತಿ ಕೆಲಸ) ತೀರಿಸುವುದು, ಪ್ಯಾಕೇಜುಗಳಿಗೆ ಭದ್ರತಾ ನಿಯಂತ್ರಣ, ಸಾಫ್ಟ್‌ವೇರ್ ಯಾವ ಯಾವ ಘಟಕಗಳಿಂದ ಕೂಡಿದೆ ಎಂದು ಹೇಳುವ ಎಸ್‌ಬಿಒಎಂ ಪಟ್ಟಿಯ ಸುಧಾರಣೆ, ಇವೆಲ್ಲ ಅದರಲ್ಲಿದ್ದವು. ಇವುಗಳಲ್ಲಿ ಮುಖ್ಯವಾದದ್ದು ಮೂಲ ಕೋಡನ್ನು ಓಡಿಸಬಲ್ಲ ಫೈಲಾಗಿ ಮಾಡುವ ಬಿಲ್ಡ್ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ. ಬಿಲ್ಡ್ ಮಾಡಲು ರೂಟ್ (ಇಡೀ ವ್ಯವಸ್ಥೆಯ ಮೇಲಿನ ಪೂರ್ಣ) ಅಧಿಕಾರವೇ ಬೇಕಿಲ್ಲದಂತೆ ಮಾಡುವುದು, ಅದೇ ಮೂಲ ಕೋಡಿನಿಂದ ಯಾರು ಬಿಲ್ಡ್ ಮಾಡಿದರೂ ಬಿಟ್‌ಗೆ ಬಿಟ್ ಒಂದೇ ಫೈಲ್ ಬರುವಂತೆ ಮಾಡುವುದು ಅದರ ಗುರಿ. 2025ರ ಡಿಸೆಂಬರ್‌ನಲ್ಲಿ ಹೊರಬಂದ ಫ್ರೀಬಿಎಸ್‌ಡಿ 15.0 ಇದೇ ರೀತಿ ಸಿದ್ಧವಾಯಿತು. 2024ರ ಮಾರ್ಚ್‌ನಲ್ಲಿ ಬಯಲಾದ, ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಸಾಧನದಲ್ಲಿನ ಹಿಂಬಾಗಿಲನ್ನು (ಗುಟ್ಟಾಗಿ ಒಳನುಗ್ಗಲು ಸೇರಿಸಿದ ಕೋಡನ್ನು) ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಹಿಂಬಾಗಿಲನ್ನು ಚಾಲೂ ಮಾಡುವ ತುಣುಕು ಎಲ್ಲರೂ ಓದಬಹುದಾದ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿಕೊಟ್ಟ ಟಾರ್‌ಬಾಲ್ ಫೈಲಿನಲ್ಲಿ ಮಾತ್ರ ಇತ್ತು. ಕಣ್ಣೆದುರಿನ ಕೋಡಿಗೂ ಕೈಗೆ ಸಿಗುವ ಫೈಲಿಗೂ ನಡುವಿನ ಆ ಸಂದನ್ನು ಮುಚ್ಚುವ ಕೆಲಸ ಬೇಸರದ್ದು. ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಮಾಡುವವರು ಕಡಿಮೆ. ಸರ್ಕಾರದ ಹಣ ಸಾರ್ಥಕವಾಗುವುದು ಇಂಥಲ್ಲೇ.

ಷರತ್ತುಗಳ ವಿಷಯದಲ್ಲಿ ಅಮೆರಿಕದ ಅನುಭವ ಬೇರೆ. ಪೈಥಾನ್ ಭಾಷೆಯ ಪ್ಯಾಕೇಜುಗಳ ಭಂಡಾರವಾದ ಪಿವೈಪಿಐಗೆ ಅಪ್‌ಲೋಡ್ ಆಗುವ ಪ್ಯಾಕೇಜುಗಳನ್ನೆಲ್ಲ ತಾನಾಗಿ ಪರಿಶೀಲಿಸುವ ಸಾಧನ ಕಟ್ಟಲು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಅಲ್ಲಿನ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿತ್ತು. 15 ಲಕ್ಷ ಡಾಲರ್‌ಗೆ ಶಿಫಾರಸೂ ಆಗಿತ್ತು. ಆದರೆ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಾರ್ಯಕ್ರಮಗಳನ್ನು ನಡೆಸಬಾರದೆಂಬ ಷರತ್ತು ಇಡೀ ಸಂಸ್ಥೆಗೆ ಅನ್ವಯಿಸುತ್ತಿತ್ತು, ಮೀರಿದರೆ ಖರ್ಚಾದ ಹಣವನ್ನೂ ವಾಪಸು ಕೇಳಬಹುದಿತ್ತು. ಹಾಗಾಗಿ 2025ರ ಅಕ್ಟೋಬರ್‌ನಲ್ಲಿ ಪೈಥಾನ್ ಫೌಂಡೇಶನ್ ಅರ್ಜಿಯನ್ನೇ ಹಿಂತೆಗೆದುಕೊಂಡಿತು. ಕೆಲಸಕ್ಕೆ ಸಂಬಂಧವಿಲ್ಲದ ಷರತ್ತು ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಜರ್ಮನ್ ನಿಧಿಯೂ ದೋಷರಹಿತವಲ್ಲ. ಪ್ರಸ್ತಾವನೆ ಕನಿಷ್ಠ 50,000 ಯೂರೋ ಮೊತ್ತದ್ದಾಗಿರಬೇಕು ಎಂಬ ನಿಯಮ, ಲೆಕ್ಕಪತ್ರ ನೋಡಿಕೊಳ್ಳುವ ಫೌಂಡೇಶನ್‌ಗಳಿರುವ ಯೋಜನೆಗಳಿಗೆ ಅನುಕೂಲಕರ. ಒಬ್ಬನೇ ಮೇಂಟೇನರ್ (ಕೋಡನ್ನು ನೋಡಿಕೊಳ್ಳುವವ) ಇರುವ ಸಣ್ಣ ಲೈಬ್ರರಿಗೆ ಅದೇ ಗೋಡೆ. ಎಕ್ಸ್‌ಜೆಡ್‌ನಲ್ಲಿ ದಾಳಿಕೋರ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಒಳಹೊಕ್ಕದ್ದು ಇಂಥ ದಣಿದ ಒಬ್ಬಂಟಿಯ ಬಳಿಗೇ. ಆ ಮೇಂಟೇನರ್‌ಗೆ ಬೇಕಿದ್ದದ್ದು ಹಂತಹಂತದ ಒಪ್ಪಂದವಲ್ಲ, ದಿನನಿತ್ಯ ಬರುವ ಪ್ಯಾಚ್‌ಗಳನ್ನು (ಇತರರು ಕಳಿಸುವ ಕೋಡಿನ ತಿದ್ದುಪಡಿಗಳನ್ನು) ಓದಲು ಸಮಯ. ಮೇಂಟೇನರ್‌ಗಳಿಗೇ ನೇರವಾಗಿ ಸಂಬಳ ಕೊಡುವ ಫೆಲೋಶಿಪ್ಪನ್ನು ಏಜೆನ್ಸಿ ಪ್ರಾಯೋಗಿಕವಾಗಿ ಆರಂಭಿಸಿದ್ದು ಈ ಕೊರತೆಯನ್ನು ಅರಿತೇ ಇರಬೇಕು. ಇನ್ನು ಡೆಸ್ಕ್‌ಟಾಪ್ ವ್ಯವಸ್ಥೆಯಾದ ಗ್ನೋಮ್‌ಗೆ 2023ರಲ್ಲಿ 10 ಲಕ್ಷ ಯೂರೋ ಕೊಟ್ಟದ್ದು, ಬಳಕೆದಾರರ ಕಣ್ಣಿಗೆ ಬೀಳುವುದಕ್ಕೆ ಹಣವಿಲ್ಲವೆಂಬ ಅವರದೇ ನಿಯಮಕ್ಕೆ ಎಷ್ಟು ಹೊಂದುತ್ತದೋ, ಕೇಳಬೇಕಾದ ಪ್ರಶ್ನೆ, ಕೆಲಸವೇನೋ ಒಳ್ಳೆಯದೇ.

ಹತ್ತಾರು ಕಂಪನಿಗಳು ಅವಲಂಬಿಸಿರುವ ಕೋಡು ನಿಮ್ಮದಾಗಿದ್ದು, ಮಾಡಬೇಕಾದ ಕೆಲಸವನ್ನು ಹಂತಗಳಾಗಿ ಬರೆದುಕೊಡಬಲ್ಲಿರಾದರೆ ಧಾರಾಳವಾಗಿ ಅರ್ಜಿ ಹಾಕಬಹುದು. ಆದರೆ ಹಣ ಜರ್ಮನಿಯ ವಾರ್ಷಿಕ ಬಜೆಟ್‌ನಿಂದ ಬರುವುದರಿಂದ, ಒಂದು ಒಪ್ಪಂದ ಮುಗಿದ ಮೇಲೆ ಮತ್ತೊಂದು ಸಿಕ್ಕೇ ಸಿಗುತ್ತದೆಂದು ಆಳುಗಳನ್ನು ಕಾಯಂ ಮಾಡಿಕೊಳ್ಳಬೇಡಿ.