ಸಾಫ್ಟ್‌ವೇರ್ ನಂಬಿ ಗೌರಿ ಹಬ್ಬದ ವಾರ ಬೆಲ್ಲ ಇಲ್ಲದೆ ಕೂತಿದ್ದೆ. ಕಿರಾಣಿ ಹೋಲ್‌ಸೇಲ್‌ನವರು ಓದಿ

ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಮೈಸೂರು ಸಂತೆಪೇಟೆಯಲ್ಲಿ ಅಪ್ಪನ ಕಾಲದಿಂದ ಕಿರಾಣಿ ಹೋಲ್‌ಸೇಲ್ ನಮ್ಮದು. ಹಬ್ಬ ಯಾವತ್ತು ಅಂತ ನೋಡದೆ ಮಾಲು ತರಿಸಿದವನು ನಮ್ಮ ಮನೇಲಿ ನಾನೇ ಮೊದಲು.

2025ರ ಜೂನ್‌ನಲ್ಲಿ ಒಬ್ಬ ಹುಡುಗ ಬಂದು ಲ್ಯಾಪ್‌ಟಾಪ್ ಬಿಚ್ಚಿದ. "ಡೇಟಾ ಅನಾಲಿಟಿಕ್ಸ್ ಸರ್. ಯಾವ ವಾರ ಯಾವ ಐಟಂ ಎಷ್ಟು ಹೋಗುತ್ತೆ ಅಂತ ಅದೇ ಹೇಳುತ್ತೆ, ಆರ್ಡರೂ ಅದೇ ಹಾಕುತ್ತೆ." ವರ್ಷಕ್ಕೆ 72,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 84,960 ಒಟ್ಟಿಗೇ ಕಟ್ಟಿದೆ. ಲೆಕ್ಕ ಬರೆಯೋ ಟ್ಯಾಲಿಯಲ್ಲಿದ್ದ ಎರಡು ವರ್ಷದ ಬಿಲ್ಲೂ ಕೊಟ್ಟೆ. ಸೋಪು, ಉಪ್ಪು, ಬೆಂಕಿಪೊಟ್ಟಣ ಇವಕ್ಕೆಲ್ಲ ಸರಿಯಾಗೇ ಹೇಳ್ತಿತ್ತು. ಅಲ್ಲೇ ನಾನು ಬಿದ್ದಿದ್ದು.

ಆಗಸ್ಟ್ ಎರಡನೇ ವಾರ ನಮ್ಮ ಹಳೇ ಗುಮಾಸ್ತರು ಕೇಳಿದರು, "ಏನಪ್ಪಾ, ಬೆಲ್ಲಕ್ಕೆ ಇನ್ನೂ ಹೇಳಿಲ್ವಲ್ಲ?" ಸ್ಕ್ರೀನ್ ತೋರಿಸಿದೆ. ಬೆಲ್ಲದ ಮಾರಾಟದ ಗೆರೆ ಸೆಪ್ಟೆಂಬರ್ ಮೊದಲ ವಾರಕ್ಕೆ ಗೋಪುರದ ಹಾಗೆ ಎದ್ದಿತ್ತು. "ಇನ್ನೂ ಟೈಮಿದೆ" ಅಂದೆ. ಅವರು ಗೋಡೆ ಮೇಲಿನ ಕ್ಯಾಲೆಂಡರ್ ಒಂದು ಸಲ ನೋಡಿ ಸುಮ್ಮನಾದರು. ಅವರು ಸುಮ್ಮನಾಗಿದ್ದು ಈಗಲೂ ಚುಚ್ಚುತ್ತೆ.

ಗೌರಿ ಆಗಸ್ಟ್ 26, ಗಣೇಶ 27. ಹದಿನೆಂಟರಿಂದಲೇ ಅಂಗಡಿಯವರು ಬರೋಕೆ ಶುರು. ಬೆಲ್ಲ, ಕಡಲೆಬೇಳೆ, ಚಿರೋಟಿ ರವೆ, ಎಲ್ಲರಿಗೂ ಇವೇ ಬೇಕು. ನನ್ನ ಹತ್ತಿರ ಒಂದು ದಿನದ ಮಾಲೂ ಇಲ್ಲ. ಪಕ್ಕದವನು ಬಾಯಿಗೆ ಬಂದ ರೇಟ್ ಹೇಳಿದ, ಅದಕ್ಕೇ ಎತ್ತಿ ನಷ್ಟಕ್ಕೆ ಕೊಟ್ಟೆ. ಹಳೇ ಗಿರಾಕಿಗಳು, ಬಿಡೋಕಾಗುತ್ತಾ? ಹಬ್ಬ ಮುಗಿದು 29ಕ್ಕೆ ಮಂಡ್ಯದಿಂದ ಲಾರಿ ಬಂತು, ಸಾಫ್ಟ್‌ವೇರ್ ಹಾಕಿದ ಆರ್ಡರು! ಗಡಿಬಿಡಿಯಲ್ಲಿ ಕ್ಯಾನ್ಸಲ್ ಮಾಡದೇ ಇದ್ದದ್ದು ನನ್ನ ತಪ್ಪೇ. ಹಮಾಲಿಗಳು ನಕ್ಕೊಂಡೇ ಇಳಿಸಿದರು. ಮಳೆಯ ತೇವಕ್ಕೆ ಅಚ್ಚು ಬೆಲ್ಲ ಬೆವರಿ ಚೀಲ ನೆಲಕ್ಕೆ ಅಂಟಿಕೊಂಡಿತು, ಗೋಡೌನ್ ತುಂಬಾ ಇರುವೆ.

ಆ ಹುಡುಗನಿಗೆ ಫೋನ್ ಮಾಡಿದೆ. "ಅಕ್ಯುರಸಿ 92 ಪರ್ಸೆಂಟ್ ಇದೆ ಸರ್." ಉಪ್ಪು, ಸೋಪು ಎಲ್ಲಾ ಸೇರಿಸಿ ತೆಗೆದ ಸರಾಸರಿ ಅದು! ಅದರಲ್ಲಿ ಬೆಲ್ಲ ಎಲ್ಲಿ ಕಾಣಬೇಕು? ಲೆಕ್ಕ ಹಾಕಿರೋದೆಲ್ಲ ಇಂಗ್ಲಿಷ್ ತಾರೀಖಿನ ಮೇಲೆ. 2023ರಲ್ಲಿ ಅಧಿಕ ಶ್ರಾವಣ ಬಂದು ಗಣೇಶ ಸೆಪ್ಟೆಂಬರ್ 18ಕ್ಕೆ ಹೋಗಿತ್ತು, 2024ರಲ್ಲಿ 7ಕ್ಕೆ. ಅದರ ಪ್ರಕಾರ ಹಬ್ಬ ಅಂದರೆ ಸೆಪ್ಟೆಂಬರ್, ಮುಗೀತು. "ಅಧಿಕ ಮಾಸ ಇಲ್ಲದಿದ್ದರೆ ಹಬ್ಬ ಹತ್ತು ಹನ್ನೊಂದು ದಿನ ಮುಂಚೆ ಬರುತ್ತೆ ಕಣಪ್ಪಾ, ನಿಮ್ಮನೇಲಿ ಹಬ್ಬ ಮಾಡಲ್ವಾ?" ಅಂದೆ. ಬಂದ ಉತ್ತರ ಕೇಳಿ: "ಫೆಸ್ಟಿವಲ್ ಕ್ಯಾಲೆಂಡರ್ ಪ್ರೀಮಿಯಂ ಮಾಡ್ಯೂಲ್ ಸರ್, ನೀವು ತಗೊಂಡಿಲ್ಲ." ಪಂಚಾಂಗಕ್ಕೆ ಬೇರೆ ದುಡ್ಡು! ಪ್ರೀಮಿಯಂ ಅಂತೆ!

ರವೆಯದು ಇನ್ನೊಂದು ಕಥೆ. 2024ರಲ್ಲಿ ಹಬ್ಬಕ್ಕೆ ಮೂರು ದಿನ ಮುಂಚೆಯೇ ಚಿರೋಟಿ ರವೆ ಖಾಲಿಯಾಗಿ ಒಂದು ಬಿಲ್ಲೂ ಆಗಿರಲಿಲ್ಲ. ಸಾಫ್ಟ್‌ವೇರ್ ಅದನ್ನ ಗಿರಾಕಿ ಇಲ್ಲ ಅಂತ ಓದಿಕೊಂಡಿದೆ. ಕೇಳಿದರೆ "ನಿಮ್ಮ ಡೇಟಾನೇ ಕ್ಲೀನ್ ಇಲ್ಲ ಸರ್." ದುಡ್ಡು ವಾಪಸ್ ಕೇಳಿದರೆ "ಪಾಲಿಸಿಯಲ್ಲಿಲ್ಲ ಸರ್." ಎಲ್ಲದಕ್ಕೂ ಒಂದು ಸರ್.

ತಗೊಳ್ಳೋರು ತಗೊಳ್ಳಿ. ಆಟೋ ಆರ್ಡರ್ ಮಾತ್ರ ಆನ್ ಮಾಡಬೇಡಿ, ವರ್ಷದ ದುಡ್ಡು ಒಟ್ಟಿಗೆ ಕೊಡಬೇಡಿ. ಸರಾಸರಿ ತೋರಿಸಿದರೆ, ಹಬ್ಬದ ವಾರದ ಬೆಲ್ಲದ ಲೆಕ್ಕ ಒಂದೇ ತೋರಿಸಪ್ಪಾ ಅನ್ನಿ.

ನಿನ್ನೆ ರಿನ್ಯೂವಲ್‌ಗೆ ಅಂತ ಅದೇ ಹುಡುಗ ಫೋನ್ ಮಾಡಿದ್ದ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತೆ, ಗಣೇಶ ಸೆಪ್ಟೆಂಬರ್ 14ಕ್ಕೆ. "ನಿಮ್ಮ ಸಾಫ್ಟ್‌ವೇರ್ ಪ್ರಕಾರ ಯಾವಾಗಪ್ಪಾ ಹಬ್ಬ?" ಅಂದೆ. "ಚೆಕ್ ಮಾಡಿ ಹೇಳ್ತೀನಿ ಸರ್" ಅಂದ. ಇನ್ನೂ ಚೆಕ್ ಮಾಡ್ತಾನೇ ಇದ್ದಾನೆ.